ಕುರುಗೋಡಿನಲ್ಲಿ ಬಿಚ್ಚಿ ಹೊಲಿದ ಆರು ಪ್ಯಾಂಟು

ಆ ದಿನ ಮಾಡಿದ ಕೆಲಸಗಳನ್ನು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಬರೆದಿಟ್ಟಿದ್ದೇನೆ. ಐದು ಗಂಟೆಗೆ ಎದ್ದು ನಲ್ಲಿ ನೀರು ಹಿಡಿದದ್ದು. ಎಂಟು ದಿನದ ಮೇಲೆ ಬಂದಿತ್ತು, ಕೊಡ, ಬಕೆಟ್ಟು ಮುಗಿದು ಕೊನೆಗೆ ಕುಕ್ಕರಿಗೂ ತುಂಬಿದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ಹಚ್ಚಿದ್ದು. ಮನೆಯವರ ಬಿ.ಪಿ. ಮಾತ್ರೆಯನ್ನು ಟಿ.ವಿ. ರಿಮೋಟಿನ ಮೇಲೆ ಇಟ್ಟದ್ದು, ಬೇರೆಲ್ಲಿಟ್ಟರೂ ಅವರ ಕಣ್ಣಿಗೆ ಬೀಳುವುದಿಲ್ಲ. ಮೂರು ಸೀರೆ ಒಗೆದು ಒಣಹಾಕಿದ್ದು. ಝೆರಾಕ್ಸ್ ಅಂಗಡಿಯವನು ಶಟರ್ ಎತ್ತುವ ತನಕ ಕಾದು ಹಾಜರಿ ಪಟ್ಟಿ ಮೂರು ಪ್ರತಿ ಮಾಡಿಸಿದ್ದು. ಹೊಲಿಗೆ ಮಿಷಿನ್ನಿನ ಸೂಜಿ ಎರಡು ಪಾಕೀಟು ಕೊಂಡದ್ದು. ಕುರುಗೋಡಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದು. ಪರೀಕ್ಷೆ ನಡೆಸಿದ್ದು. ಆರು ಹೊಸ ಪ್ಯಾಂಟು ಬಿಚ್ಚಿಸಿದ್ದು.

ನಾನು ಬಳ್ಳಾರಿಯ ಒಂದು ಸರ್ಕಾರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಹೊಲಿಗೆಗೂ ನನಗೂ ಇದ್ದ ಸಂಬಂಧವೆಂದರೆ ಬಿದ್ದ ಗುಂಡಿ ಹಚ್ಚುವುದು, ಅಷ್ಟೆ. ಮಕ್ಕಳು ಹೈಸ್ಕೂಲಿನಲ್ಲೇ ಒಂದು ಕಸುಬು ಹಿಡಿಯಬೇಕು, ಅದೇ ದಾರಿಯಲ್ಲಿ ಕಾಲೇಜಿಗೆ ಬರಬೇಕು, ಕಾಲೇಜು ಮುಗಿಯುವ ಹೊತ್ತಿಗೆ ಕೆಲಸದ ಬಾಗಿಲಿಗೆ ಬಂದು ನಿಂತಿರಬೇಕು ಎನ್ನುವ ಯೋಜನೆ ಬಂದಾಗ ಅದರ ಹೊಣೆ ಯಾರಿಗೆ ಎಂದು ಸಭೆಯಲ್ಲಿ ಪ್ರಾಂಶುಪಾಲರು ಕೇಳಿದರು. ಎಲ್ಲರೂ ತಲೆ ತಗ್ಗಿಸಿದರು. ನಾನು ಮಾತ್ರ ಆ ಹೊತ್ತಿಗೆ ಚಹಾದ ಕಪ್ಪು ಎತ್ತಿಡಲು ಎದ್ದು ನಿಂತಿದ್ದೆ. ಅದನ್ನೇ ಒಪ್ಪಿಗೆ ಎಂದು ಬರೆದುಕೊಂಡರು. ಬಳ್ಳಾರಿಯ ಜೊತೆಗೆ ಕುರುಗೋಡು, ಸಿರುಗುಪ್ಪಗಳೂ ನನ್ನ ತಲೆಗೇ ಬಂದವು.

ಯಾವ ಊರಿಗೆ ಯಾವ ಕಸುಬು ಎಂದು ಮೇಲಿನಿಂದಲೇ ಗೊತ್ತಾಗಿ ಬರುತ್ತಿತ್ತು. ಸಿರುಗುಪ್ಪದ ಹೈಸ್ಕೂಲಿಗೆ ಪ್ರವಾಸೋದ್ಯಮ ಬಂತು. ಅಲ್ಲಿ ನೋಡಿದರೆ ಸುತ್ತ ಭತ್ತದ ಗದ್ದೆ, ಅಕ್ಕಿ ಗಿರಣಿ. ಹೊರಗಿನಿಂದ ಬರುವವರು ಲಾರಿಯವರು. ಪ್ರಾಯೋಗಿಕ ಅಂಕ ಕೊಡಬೇಕಾದರೆ ಒಬ್ಬ ಪ್ರವಾಸಿ ಬೇಕೇ ಬೇಕು, ಹಾಗಾಗಿ ನಾನೇ ಪ್ರವಾಸಿಯಾದೆ. ಮಕ್ಕಳು ನನ್ನನ್ನು ಕೆಂಚನಗುಡ್ಡಕ್ಕೆ ಕರೆದುಕೊಂಡು ಹೋಗಿ ಹಳೆಯ ಕಲ್ಲು, ಹೊಳೆ ಎಲ್ಲ ತೋರಿಸುತ್ತಿದ್ದರು. ಒಬ್ಬಳು ಕೈಮುಗಿದು ಕೇಳಿದಳು:

"ತಾವು ಯಾವ ದೇಶದಿಂದ ಬಂದೀರಿ ಮೇಡಂ?"

"ಬಳ್ಳಾರಿಯಿಂದ."

"ಹಂಗಲ್ರಿ, ದೇಶದ ಹೆಸರು ಹೇಳ್ರಿ. ಬುಕ್ಕಿನಾಗ ಹಂಗ ಐತಿ."

ಅವತ್ತಿನಿಂದ ಸಿರುಗುಪ್ಪದ ಮಟ್ಟಿಗೆ ನಾನು ಜಪಾನಿನವಳು. ಈಗಲೂ ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ಯಾವುದಾದರೂ ಹುಡುಗಿ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರೆ ನಾನೂ ಬಗ್ಗುತ್ತೇನೆ.

ಕುರುಗೋಡಿನ ಕಾಲೇಜಿಗೆ ಬಂದದ್ದು ಮಾತ್ರ ಸರಿಯಾದ ಕಸುಬು, ಸಿದ್ಧ ಉಡುಪು. ಬಳ್ಳಾರಿಯ ಜೀನ್ಸ್ ಪ್ಯಾಂಟು ಎಲ್ಲೆಲ್ಲಿಗೋ ಹೋಗುತ್ತದೆ. ಕುರುಗೋಡಿನ ಎಷ್ಟೋ ಹುಡುಗಿಯರು ಕಾಲೇಜು ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಬಳ್ಳಾರಿಯ ಶೆಡ್ಡುಗಳಿಗೆ ಹೊಲಿಯಲು ಹೋಗುತ್ತಾರೆ. ನಮ್ಮ ತರಗತಿಗೆ ಸೇರಿದ ಆರೂ ಜನ ಅಂಥವರೇ. ಇವರಿಗೆ ನಾವು ಕಲಿಸುವುದೇನಿದೆ, ಒಂದು ಸರ್ಟಿಫಿಕೇಟು ಕೊಟ್ಟರೆ ಸಾಕು ಎಂದುಕೊಂಡೆ.

ಮೂರನೆಯ ವಾರಕ್ಕೆ ಗೊತ್ತಾಯಿತು, ಆರರಲ್ಲಿ ಒಬ್ಬಳಿಗೂ ಪ್ಯಾಂಟು ಹೊಲಿಯಲು ಬರುವುದಿಲ್ಲ. ಶೆಡ್ಡಿನಲ್ಲಿ ಯಾರೂ ಪ್ಯಾಂಟು ಹೊಲಿಯುವುದಿಲ್ಲ. ಒಬ್ಬಳು ಜಿಪ್ಪು, ಒಬ್ಬಳು ಮುಂದಿನ ಕಿಸೆ, ಒಬ್ಬಳು ಹಿಂದಿನ ಕಿಸೆ, ಒಬ್ಬಳು ಕಾಲು ಕೂಡಿಸುವುದು, ಒಬ್ಬಳು ಸೊಂಟದ ಪಟ್ಟಿ, ಕೊನೆಯವಳು ಬೆಲ್ಟಿನ ಲೂಪು, ಕಾಲಿನ ಮಡಿಕೆ. ಒಬ್ಬಳು ತನ್ನದು ಮುಗಿಸಿ ಎಡಕ್ಕೆ ಎಸೆದರೆ ಪಕ್ಕದವಳು ತನ್ನದು ಹಚ್ಚಿ ಎಡಕ್ಕೆ ಎಸೆಯುತ್ತಾಳೆ. ಆರು ಜನ ಕೆಲಸ ಮಾಡುವುದು ಬೇರೆ ಬೇರೆ ಶೆಡ್ಡಿನಲ್ಲಾದರೂ ಕೂರುವ ಸಾಲು ಎಲ್ಲ ಕಡೆಯೂ ಒಂದೇ. ಒಬ್ಬರನ್ನೊಬ್ಬರು ಕರೆಯುವುದೂ ಹಾಗೆಯೇ, "ಏ ಜಿಪ್ಪಿ", "ಏ ಲೂಪಿ" ಎಂದು. ಹೆಸರು ಹಿಡಿದು ಹಾಜರಿ ಕೂಗಿದರೆ ತಡವಾಗಿ ಓಗೊಡುತ್ತಿದ್ದರು.

ಪೂರ್ತಿ ಪ್ಯಾಂಟು ಕಲಿಸಲು ಪಟ್ಟಣದ ಒಬ್ಬ ಟೈಲರ್ ಇಪ್ಪತ್ತು ದಿನ ಬಂದರು. ಆ ಇಪ್ಪತ್ತು ದಿನ ಮಿಷಿನ್ನು ಬಂದಿರಲಿಲ್ಲ. ಹುಡುಗಿಯರು ನ್ಯೂಸ್‌ಪೇಪರ್ ಕತ್ತರಿಸಿ ಅಂಟಿನಿಂದ ಪ್ಯಾಂಟು ಮಾಡಿದರು. ಟೈಲರ್ ಹೋದ ಮೇಲೆ ಮಿಷಿನ್ನು ಬಂದವು. ಆಮೇಲೆ ಪರೀಕ್ಷೆಯ ಆದೇಶ ಬಂತು: ಪ್ರತಿ ಅಭ್ಯರ್ಥಿ ಕತ್ತರಿಸಿ ಕೊಟ್ಟ ಬಟ್ಟೆಯಿಂದ ನಾಲ್ಕು ಗಂಟೆಯಲ್ಲಿ ಒಂದು ಪೂರ್ಣ ಪ್ಯಾಂಟು ಒಬ್ಬಳೇ ಹೊಲಿಯಬೇಕು.

ಆ ದಿನ ಕಾಲೇಜಿನ ಗೇಟಿನಲ್ಲಿ ನನಗಾಗಿ ಕಾದಿದ್ದವಳು ಹಿಂದಿನ ಕಿಸೆಯ ಹುಡುಗಿ. ಆರರಲ್ಲಿ ಎತ್ತರದವಳು, ಮಾತು ಕಡಿಮೆ. ಬಲ ಮುಂಗೈಗೆ ಬಟ್ಟೆ ಸುತ್ತಿಕೊಂಡಿದ್ದಳು.

"ಮೇಡಂರೀ, ಚೀಟಿ ಇವತ್ತ ಕೊಡ್ತಾರಲ್ರಿ?"

"ಪಾಸಾದರೆ ತಾತ್ಕಾಲಿಕ ಪತ್ರ ಇವತ್ತೇ ಕೊಡ್ತಾರಮ್ಮ. ಯಾಕ?"

ಅವಳು ಬಟ್ಟೆ ಬಿಚ್ಚಿ ತೋರಿಸಿದಳು. ಮುಂಗೈ ಬಾತಿತ್ತು. ನಾಲ್ಕು ವರ್ಷದಿಂದ ಹಿಂದಿನ ಕಿಸೆ ಹಚ್ಚಿ ಹಚ್ಚಿ ಬೆರಳು ಜೋಮು ಹಿಡಿಯುತ್ತಿವೆ. ಡಾಕ್ಟರು, ಮಿಷಿನ್ನು ಬಿಡಬೇಕು, ಇಲ್ಲದಿದ್ದರೆ ಕೈ ಬಿಡಬೇಕಾಗುತ್ತದೆ ಎಂದಿದ್ದಾರೆ. ಅವಳ ಶೆಡ್ಡಿನಲ್ಲಿ ಸಾಲು ನೋಡಿಕೊಳ್ಳುವ ಸೂಪರ್‌ವೈಸರ್ ಕುರ್ಚಿ ಖಾಲಿಯಾಗಿತ್ತು. ಮಾಲು ಕೊಳ್ಳುವ ಕಂಪನಿಯವರು ಸರ್ಟಿಫಿಕೇಟು ಇದ್ದವರನ್ನೇ ಕೂರಿಸಿ ಎಂದಿದ್ದರಂತೆ. ಶೆಡ್ಡಿನ ಸಾವ್ಕಾರರು ಹೇಳಿದ್ದರು, ಇವತ್ತು ಸಂಜೆಯೊಳಗೆ ಚೀಟಿ ತಂದರೆ ನೀನು, ಇಲ್ಲದಿದ್ದರೆ ನನ್ನ ಹೆಂಡತಿಯ ತಮ್ಮ.

"ಅವನಿಗೆ ಸರ್ಟಿಫಿಕೇಟು ಐತೇನು?"

"ಅವನಿಗೆ ಅಕ್ಕ ಅದಾಳ್ರಿ," ಅಂದಳು.

ಪರೀಕ್ಷಕರು ದಕ್ಷಿಣದ ಕಡೆಯ ಹುಡುಗ. ನನ್ನ ಮಗನ ವಯಸ್ಸಿರಬೇಕು. ರಾತ್ರಿಯಿಡೀ ಬಸ್ಸಿನಲ್ಲಿ ಬಂದಿದ್ದರು, ತಿಂಡಿ ತಿಂದಿರಲಿಲ್ಲ. ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತರಿಸಿಕೊಟ್ಟೆ. ಮಿರ್ಚಿ ಕಚ್ಚಿದವರು ಎರಡು ತಂಬಿಗೆ ನೀರು ಕುಡಿದರು. ಆಮೇಲೆ ಟ್ಯಾಬ್ ತೆರೆದು ನಿಯಮ ಓದಿದರು, ಹುಡುಗಿಯರ ಮುಂದೆ ಒಂದೊಂದು ಬಟ್ಟೆಯ ಕಟ್ಟು ಇಟ್ಟರು, ಹನ್ನೊಂದಕ್ಕೆ ಸರಿಯಾಗಿ "ಶುರು ಮಾಡಿ" ಎಂದರು. ಅದೇ ಹೊತ್ತಿಗೆ ಅವರ ಕಚೇರಿಯಿಂದ ಫೋನು ಬಂತು. ಕೋಣೆಯಲ್ಲಿ ಸಿಗ್ನಲ್ ಇಲ್ಲ ಎಂದು ಬೇವಿನ ಮರದ ಕೆಳಗೆ ಹೋದರು.

ಮಿಷಿನ್ನುಗಳು ಒಮ್ಮೆಲೇ ಗುರ್ ಎಂದವು. ಜಿಪ್ಪಿನವಳು ತನ್ನ ಕಟ್ಟು ಬಿಚ್ಚಿ ಜಿಪ್ಪು ಹಚ್ಚಿದಳು, ಬಟ್ಟೆಯನ್ನು ಎಡಕ್ಕೆ ಎಸೆದಳು. ಎಡಗಡೆ ಕೂತಿದ್ದ ಮುಂದಿನ ಕಿಸೆಯವಳು ಅದನ್ನು ಹಿಡಿದು ಕಿಸೆ ಹಚ್ಚಿ ಎಡಕ್ಕೆ ಎಸೆದಳು. ಅವರನ್ನು ಆ ಸಾಲಿನಲ್ಲಿ ಯಾರೂ ಕೂರಿಸಿರಲಿಲ್ಲ. ಬಂದವರೇ ಹಾಗೆ ಕೂತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ. ಎಲ್ಲ ಕಟ್ಟುಗಳೂ ತಾವಾಗಿಯೇ ಜಿಪ್ಪಿನವಳ ಕಡೆಗೆ ಸರಿದವು.

ನಾನು ನೋಡುತ್ತಿದ್ದೆ. ಇದು ತಪ್ಪು ಎಂದು ನನಗೆ ಹೊಳೆಯಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಆದರೆ ಅಷ್ಟು ಚೆಂದವಾಗಿ ನಡೆಯುತ್ತಿದ್ದ ಕೆಲಸವನ್ನು ನಮ್ಮ ಕಾಲೇಜುಗಳಲ್ಲಿ ನಾನು ನೋಡಿರಲಿಲ್ಲ, ನಿಲ್ಲಿಸಲು ಬಾಯಿ ಬರಲಿಲ್ಲ. ಪಟ್ಟಿಯವಳ ಮುಂದೆ ಬಟ್ಟೆ ಗುಡ್ಡೆ ಬಿದ್ದಾಗ ನಮ್ಮ ಎತ್ತರದ ಹುಡುಗಿ ಎದ್ದಳು, ಲೂಪಿನವಳ ಭುಜ ಮುಟ್ಟಿ, "ಎರಡು ಪಟ್ಟಿ ನೀ ಹಚ್ಚು, ಮಡಿಕಿ ಆಮ್ಯಾಲೆ ಮಾಡೀಯಂತೆ" ಎಂದು ಮತ್ತೆ ತನ್ನ ಜಾಗಕ್ಕೆ ಬಂದು ಕೂತಳು. ಗುಡ್ಡೆ ಕರಗಿತು.

ಹನ್ನೆರಡಕ್ಕೆ ಪರೀಕ್ಷಕರು ಬಂದಾಗ ಮೇಜಿನ ಮೇಲೆ ಆರು ಪ್ಯಾಂಟು, ಅಂಗಡಿಯಲ್ಲಿ ಮಡಚಿ ಇಟ್ಟಂತೆ. ಆರು ಹುಡುಗಿಯರು ನೀರು ಕುಡಿಯುತ್ತಿದ್ದರು.

"ಏನ್ ಮೇಡಂ ಇದು?"

"ಪ್ಯಾಂಟು," ಎಂದೆ.

"ಅದು ಕಾಣ್ತಿದೆ. ಯಾವುದು ಯಾರದು?"

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಜಿಪ್ಪಿನವಳು ನಾಲಿಗೆ ಕಚ್ಚಿಕೊಂಡಳು. ಎತ್ತರದವಳ ಮುಖ ಮಾತ್ರ ಸುಣ್ಣದಂತಾಯಿತು.

"ಎಲ್ಲಾ ಎಲ್ಲಾರದು ರೀ ಸರ," ಎಂದಳು ಲೂಪಿನವಳು. ಆರರಲ್ಲಿ ಅವಳದೇ ಬಾಯಿ ಜೋರು.

ಪರೀಕ್ಷಕರು ಟ್ಯಾಬ್ ಮೇಲೆ ಬೆರಳಾಡಿಸಿದರು. "ಮೇಡಂ, ಇದಕ್ಕೆ ಇಲ್ಲಿ ಒಂದೇ ಕಾಲಂ ಇರೋದು. ಸಾಮೂಹಿಕ ನಕಲು. ಅದನ್ನ ಒತ್ತಿದ್ರೆ ಆರೂ ಜನ ಫೇಲ್, ಮತ್ತೆ ಬರೆಯೋಕೆ ಒಂದು ವರ್ಷ ಕಾಯ್ಬೇಕು."

"ಹೊಲಿಗಿಯಾಗ ಎಂಥಾ ನಕಲ್ರಿ?" ಎಂದು ಲೂಪಿನವಳು ಎದ್ದೇ ಬಿಟ್ಟಳು. "ಸರ, ನೀವು ಹಾಕ್ಕೊಂಡಿರೋ ಪ್ಯಾಂಟು ಎಲ್ಲಿ ತಗೊಂಡಿದ್ದು?"

"ಬೆಂಗಳೂರಲ್ಲಿ. ಯಾಕೆ?"

"ಸ್ವಲ್ಪ ತಿರುಗ್ರಿ."

ಪಾಪ, ಅವರು ತಿರುಗಿಯೂ ಬಿಟ್ಟರು. ಆರು ಜನ ಮುಂದಕ್ಕೆ ಬಗ್ಗಿ ನೋಡಿದರು.

"ಬಳ್ಳಾರಿದ ಐತಿ. ಲೂಪು ನೋಡಿದ್ರ ಗೊತ್ತಾಗ್ತೈತಿ. ಅದೂ ಒಬ್ಬರು ಹೊಲದಿದ್ದಲ್ರಿ ಸರ. ಅದನ್ನೂ ನಕಲು ಅಂತ ಬರ್ಕೊಳ್ರಿ, ಇಲ್ಲೇ ಬಿಚ್ಚಿ ಜಪ್ತಿ ಮಾಡ್ತೀವಿ."

ಕೋಣೆ ನಗೆಯಲ್ಲಿ ಮುಳುಗಿತು. ಪರೀಕ್ಷಕರು ಕುರ್ಚಿ ಎಳೆದುಕೊಂಡು ಗೋಡೆಗೆ ಬೆನ್ನು ಹಚ್ಚಿ ಕೂತರು. ಅಲ್ಲಿಂದ ಮುಂದೆ ಸಂಜೆಯವರೆಗೆ ಅವರು ನಮಗೆ ಬೆನ್ನು ತಿರುಗಿಸಲಿಲ್ಲ.

"ನಂದೂ ಕಾಂಟ್ರ್ಯಾಕ್ಟ್ ಕೆಲಸ ಮೇಡಂ," ಎಂದರು ಮೆಲ್ಲಗೆ. "ಒಬ್ಬೊಬ್ಬರು ತಾವು ಹೊಲಿದಿದ್ದನ್ನ ಹಿಡ್ಕೊಂಡು ನಿಂತಿರೋ ಫೋಟೋ ಹಾಕ್ಲೇಬೇಕು. ಇನ್ನೂ ಮೂರು ಗಂಟೆ ಇದೆ. ಬೇರೆ ಬಟ್ಟೆ ಇದೆಯಾ?"

ಬೇರೆ ಬಟ್ಟೆ ಇರಲಿಲ್ಲ. ನಾನು ಸೂಜಿ ತಂದಿದ್ದೆ, ಬಟ್ಟೆ ತಂದಿರಲಿಲ್ಲ.

ಆಗ ಎತ್ತರದ ಹುಡುಗಿ ಬಾಯಿ ಬಿಟ್ಟಳು. "ಬಿಚ್ತೀವಿ ರೀ ಸರ. ಬಿಚ್ಚಿ ಮತ್ತ ಹೊಲಿತೀವಿ. ಒಬ್ಬೊಬ್ಬರ."

"ಇಷ್ಟು ಚೆನ್ನಾಗಿರೋದನ್ನ?"

"ಚೊಲೋ ಇದ್ರ ಏನ್ ಮಾಡೋದ್ರಿ, ನಿಮ್ಮ ಟ್ಯಾಬಿಗೆ ಬ್ಯಾಡಾಗ್ಯಾವಲ್ಲ."

ಬ್ಲೇಡು ಬಂದವು. ಬಿಚ್ಚುವ ಕೆಲಸ ಒಬ್ಬೊಬ್ಬರೇ ಮಾಡಬೇಕೆಂದು ಎಲ್ಲೂ ಬರೆದಿರಲಿಲ್ಲ. ಹಾಗಾಗಿ ಅಲ್ಲಿಯೂ ಸಾಲು ಎದ್ದಿತು, ಈ ಸಲ ಬಲಕ್ಕೆ. ಲೂಪಿನವಳು ಲೂಪು ಕಿತ್ತು ಬಲಕ್ಕೆ ಎಸೆದರೆ ಪಟ್ಟಿಯವಳು ಪಟ್ಟಿ ಕಿತ್ತು ಬಲಕ್ಕೆ. ಪರೀಕ್ಷಕರು ಅಷ್ಟು ಹೊತ್ತು ಎದುರು ಗೋಡೆಯ ಮೇಲಿನ ಭೂಪಟ ನೋಡಿದರು. ನಾನು ಇತಿಹಾಸದವಳು, ಕೆಡವಿದ ಕೋಟೆಗಳ ಬಗ್ಗೆ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಕಟ್ಟಿದವರೇ ಅಷ್ಟು ಅಚ್ಚುಕಟ್ಟಾಗಿ ಕೆಡವಿದ್ದನ್ನು ಅಲ್ಲಿಯೇ ಮೊದಲು ಕಂಡೆ. ಒಂದು ಗಂಟೆಗೆ ಮತ್ತೆ ಆರು ಕಟ್ಟು ಬಟ್ಟೆ, ಅಂಚಿಗೆಲ್ಲ ಸೂಜಿಯ ತೂತು.

ಆಮೇಲಿನ ಎರಡು ಗಂಟೆ ಒಬ್ಬೊಬ್ಬರೂ ತಮ್ಮ ತಮ್ಮ ಪ್ಯಾಂಟಿಗೇ ಕೂತರು. ಜಿಪ್ಪಿನವಳು ಜಿಪ್ಪು ಹಚ್ಚಿ, ಅಭ್ಯಾಸಬಲದಿಂದ ಎಡಕ್ಕೆ ಎಸೆದು, ಮತ್ತೆ ತಾನೇ ಎದ್ದು ಹೋಗಿ ಎತ್ತಿಕೊಂಡು ಬಂದಳು. ಲೂಪಿನವಳು ಲೂಪನ್ನೇ ಮೊದಲು ಹಚ್ಚಿ, ಆಮೇಲೆ ಪಟ್ಟಿಯೇ ಇನ್ನೂ ಇಲ್ಲವಲ್ಲ ಎಂದು ಹಣೆ ಬಡಿದುಕೊಂಡಳು. ಒಬ್ಬಳು "ಪೇಪರ್ ಪ್ಯಾಂಟಿನಾಗ ಇದು ಎಲ್ಲಿತ್ತಲೇ?" ಎಂದು ಪಿಸುಗುಟ್ಟಿದರೆ ಇನ್ನೊಬ್ಬಳು "ರಾಜಕೀಯದ ಸುದ್ದಿ ಇದ್ದ ಕಡಿಗೆ" ಎಂದಳು.

ಎತ್ತರದವಳು ಕಿಸೆ ಎರಡನ್ನೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಚ್ಚಿದಳು. ಆಮೇಲೆ ಕಾಲು ಕೂಡಿಸುವ ಹೊತ್ತಿಗೆ ಬಲಗೈ ನಿಂತುಹೋಯಿತು. ಬೆರಳು ಬಿಡಿಸಿ ಬಿಡಿಸಿ ಜಾಡಿಸಿದಳು. ನಾನು ಒದ್ದೆ ಬಟ್ಟೆ ಕೊಡಬಹುದೇ ಎಂದು ಕೇಳಿದೆ. ಪರೀಕ್ಷಕರು ಟ್ಯಾಬ್ ನೋಡಿ, "ನೀರು ಕೊಡಬಹುದು ಅಂತಿದೆ," ಎಂದರು. ನೀರನ್ನು ಬಟ್ಟೆಯ ಮೇಲೆ ಸುರಿದು ಕೊಟ್ಟೆ. ಅವರು ನೋಡಿಯೂ ನೋಡದಂತೆ ಇದ್ದರು. ಅವಳು ಅದನ್ನು ಮುಂಗೈಗೆ ಸುತ್ತಿಕೊಂಡು, ಎಡಗೈಯಿಂದ ಬಟ್ಟೆ ತಳ್ಳುತ್ತ ಹೊಲಿದಳು.

ಮೂರಕ್ಕೆ ಹತ್ತು ನಿಮಿಷ ಇರುವಾಗ ಪ್ಯಾಂಟು ಎತ್ತಿ ಹಿಡಿದು ನೋಡಿದಳು. ಒಂದು ಕಾಲು ಬಳ್ಳಾರಿ ಕಡೆ, ಇನ್ನೊಂದು ಸಿರುಗುಪ್ಪದ ಕಡೆ ನೋಡುತ್ತಿತ್ತು. ಬಿಚ್ಚಲು ಹೊತ್ತಿರಲಿಲ್ಲ. ತುಟಿ ಕಚ್ಚಿಕೊಂಡು ನನ್ನನ್ನು ನೋಡಿದಳು. ನಾನು ಕಣ್ಣಿನಿಂದಲೇ ಪರೀಕ್ಷಕರನ್ನು ತೋರಿಸಿದೆ.

"ಸರ, ಕಾಲು ಯಾವ ಕಡಿಗೆ ನೋಡಬೇಕು ಅಂತ ಅದರಾಗ ಐತೇನ್ರಿ?"

ಅವರು ಮೇಲಿನಿಂದ ಕೆಳಗಿನವರೆಗೆ ಹುಡುಕಿದರು. "ಇಲ್ಲ. ಎರಡು ಕಾಲು ಇರಬೇಕು ಅಂತಿದೆ."

"ಅದಾವ್ರಿ."

"ಇವೆ," ಎಂದು ಒತ್ತಿದರು.

ಸೊಂಟದ ಪಟ್ಟಿ ಇದೆಯೇ? ಇದೆ. ಜಿಪ್ಪು ಮೇಲೆ ಕೆಳಗೆ ಹೋಗುತ್ತದೆಯೇ? ಕೆಳಗೆ ಹೋಗುತ್ತದೆ, ಮೇಲೆ ಬರಲು ಸ್ವಲ್ಪ ತಾಳ್ಮೆ ಬೇಕು. ಹಿಂದಿನ ಕಿಸೆ ಎರಡಿವೆಯೇ? ಆ ಪ್ಯಾಂಟಿನ ಮೇಲೆ ಆ ಎರಡು ಕಿಸೆ ಬೇರೆ ಯಾರದೋ ಮದುವೆಗೆ ಬಂದ ನೆಂಟರಂತೆ ನೆಟ್ಟಗೆ ಕೂತಿದ್ದವು. ಆರು ಜನರೂ ತಂತಮ್ಮ ಪ್ಯಾಂಟು ಹಿಡಿದು ಫೋಟೋಕ್ಕೆ ನಿಂತರು. ಒಂದಕ್ಕಿಂತ ಒಂದು ಸೊಟ್ಟ. ಟ್ಯಾಬ್ ಆರನ್ನೂ ಪಾಸು ಮಾಡಿತು. ಪತ್ರಕ್ಕೆ ಕಾಲೇಜಿನ ಮೊಹರು ಒತ್ತಿ ನಾನು ಸಹಿ ಹಾಕಿದೆ. ಪ್ಯಾಂಟು ಅಭ್ಯರ್ಥಿಗೇ ಸೇರತಕ್ಕದ್ದು ಎಂಬ ನಿಯಮವೂ ಇತ್ತು.

ಬಳ್ಳಾರಿಯ ಬಸ್ಸಿನಲ್ಲಿ ಅವಳೂ ನಾನೂ ಒಂದೇ ಸೀಟಿನಲ್ಲಿ ಕೂತೆವು. ಶೆಡ್ಡಿನವರೆಗೂ ಬನ್ನಿ ಎಂದು ಅವಳು ಕೇಳಲಿಲ್ಲ. ಇಳಿದ ಮೇಲೆ ನನ್ನ ಚೀಲ ಕೈಗೆತ್ತಿಕೊಂಡು ಮುಂದೆ ನಡೆದಳು, ಹೀಗಾಗಿ ನಾನು ಹಿಂದೆ ಹೋಗಬೇಕಾಯಿತು.

ಶೆಡ್ಡಿನಲ್ಲಿ ಸಾವ್ಕಾರರು ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ದಪ್ಪನೆಯ ಮನುಷ್ಯ, ಮಾತು ಮೆತ್ತಗೆ. ಪಕ್ಕದಲ್ಲಿ ಅವರ ಬಾಮೈದ ಕುರ್ಚಿಯ ತುದಿಗೆ ಕೂತು ಫೋನು ನೋಡುತ್ತಿದ್ದ. ಅದೇ ಆ ಕುರ್ಚಿ ಇರಬೇಕು.

"ಚೀಟಿ ಸರಿ ಐತಿ ಮೇಡಂ. ಪ್ಯಾಂಟು ಎಲ್ಲೈತಮ್ಮ?"

ಅವಳು ತನ್ನ ಚೀಲವನ್ನು ಬೆನ್ನ ಹಿಂದೆ ಸರಿಸಿದಳು. "ಯಾಕ್ರಿ?"

"ತೋರಸು."

ಕತ್ತರಿಸುವ ಮೇಜಿನ ಮೇಲೆ ಪ್ಯಾಂಟು ಹರಡಿದರು. ಮಿಷಿನ್ನುಗಳು ಒಂದೊಂದಾಗಿ ನಿಂತವು. ಹೆಂಗಸರು ಎದ್ದು ಬಂದು ಇಣುಕಿದರು. ಒಬ್ಬಾಕೆ, "ಯವ್ವಾ, ಇದು ಕುಂತವರಿಗೆ ಹೊಲದಿದ್ದೋ, ನಿಂತವರಿಗೋ?" ಎಂದಳು. ನಗು ಸೂರಿಗೆ ಮುಟ್ಟಿತು. ಹುಡುಗಿಯ ಕಣ್ಣು ತುಂಬಿ ಬಂದಿತ್ತು. ನಾನು ಎಲ್ಲ ವಿವರಿಸಲು ಬಾಯಿ ತೆರೆದೆ. ಸಾವ್ಕಾರರು ಕೈ ಅಡ್ಡ ಹಿಡಿದರು.

"ಇದನ್ನ ಒಬ್ಬಾಕಿನ ಹೊಲದಿಯೇನು?"

"ಹೂಂ ರೀ."

"ಪೂರಾ?"

"ಪೂರಾ."

ಅವರು ಪ್ಯಾಂಟನ್ನು ಇನ್ನೊಮ್ಮೆ ಎತ್ತಿ ಬೆಳಕಿಗೆ ಹಿಡಿದರು. "ಇಪ್ಪತ್ತು ವರ್ಷ ಆತು ಶೆಡ್ಡು ಹಾಕಿ. ನನಗೂ ಒಂದು ಪೂರಾ ಪ್ಯಾಂಟು ಹೊಲಿಯಾಕ ಬರಂಗಿಲ್ಲ. ನಿನಗ ಬರ್ತೈತೇನಲೇ?" ಎಂದು ಬಾಮೈದನ ಕಡೆ ತಿರುಗಿದರು. ಅವನು ಫ್ಯಾನು ನೋಡಿದ.

"ಎಲ್ಲಾ ಸರಿ," ಎಂದರು ಸಾವ್ಕಾರರು. "ನೀ ಎದ್ದರ ಹಿಂದಿನ ಕಿಸೆ ಯಾರು ಹಚ್ಚೋದು? ನಾಳೆ ಮಾಲು ಹೋಗಬೇಕು."

ಅದೇ ಮಾತಿಗೆ ಅವಳು ಹೆದರಿದ್ದಳೆಂದು ಕಾಣುತ್ತದೆ. ಮುಂಗೈಯ ಬಟ್ಟೆ ಬಿಗಿ ಮಾಡಿಕೊಂಡಳು. ಆಮೇಲೆ ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದಳು.

"ನಮ್ಮ ಸಾಲಿನ ಲೂಪಿನ ಅಕ್ಕನ್ನ ಕಿಸೆಗೆ ತರ್ರಿ. ಆಕಿ ಕೈ ನೆಟ್ಟಗ ಐತಿ, ಎರಡು ದಿನ ನಾ ಪಕ್ಕದಾಗ ನಿಂತು ತೋರಸ್ತೀನಿ. ಲೂಪಿಗೆ ನಿಮ್ಮ ಬಾಮೈದನ್ನ ಕುಂದರಸ್ರಿ."

ಸಾವ್ಕಾರರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ನಗು ಹೊರಗೆ ಬಂತು. ಬಾಮೈದ "ಏ, ಭಾವಾ" ಎಂದ. ಅವರು ಅವನ ಭುಜ ಹಿಡಿದು ಎಬ್ಬಿಸಿದರು, ಕುರ್ಚಿಯ ಮೇಲಿನ ಧೂಳನ್ನು ಅದೇ ಸೊಟ್ಟ ಪ್ಯಾಂಟಿನಿಂದ ಒರೆಸಿದರು.

"ಕುಂದ್ರಮ್ಮ. ಕೈಗೆ ಔಷಧಿ ಹಚ್ಕೋ."

ಅವಳು ಕೂತಳು. ಕೂತ ಮೇಲೆ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಹೊರಡುವಾಗ, "ಮೇಡಂರೀ, ನಿಮ್ಮ ಚೀಲ" ಎಂದು ಎದ್ದಳು. "ಕೂತಿರು" ಎಂದೆ.

ಮನೆಗೆ ಬಂದಾಗ ಮನೆಯವರು ಉಪ್ಪಿಟ್ಟು ಮಾಡಿದ್ದರು, ತಳ ಹಿಡಿದಿತ್ತು. ಮಾವಿನ ಉಪ್ಪಿನಕಾಯಿ ಹಚ್ಚಿಕೊಂಡು ಎರಡು ಸಲ ಹಾಕಿಸಿಕೊಂಡೆ. ಅತ್ತೆ ಮೊಸರು ಅವಲಕ್ಕಿ ತಿಂದರು. ಎಲ್ಲರೂ ಪಾಸಾದರೇ ಎಂದು ಮನೆಯವರು ಕೇಳಿದರು. ಆದರು ಎಂದೆ. ಹೇಗೆ ಎಂದು ಕೇಳಿದರು. ನಾನು ಜಿಪ್ಪಿನವಳಿಂದ ಶುರು ಮಾಡಿ ಮುಂದಿನ ಕಿಸೆಗೆ ಬರುವಷ್ಟರಲ್ಲಿ ಅತ್ತೆ ಮೊದಲು ನಿದ್ದೆ ಹೋದರು, ಕಾಲು ಕೂಡಿಸುವ ಹೊತ್ತಿಗೆ ಮನೆಯವರು.